ಬೇರಿಗೂ ಉಸಿರು ಬೇಕು

ನರಗುಂದ, ರೋಣದ ಕಡೆ ಯಾವ ಚಹಾದಂಗಡಿಯಲ್ಲಿ ಕೂತರೂ ಮಾತು ಕೊನೆಗೆ ನೀರಿಗೆ ಬಂದು ನಿಲ್ಲುತ್ತದೆ. ಮಹದಾಯಿ ಬರುತ್ತದೋ ಇಲ್ಲವೋ, ಕಾಲುವೆಗೆ ಯಾವಾಗ ಬಿಡುತ್ತಾರೆ, ಮೇಲಿನ ಊರಿನವರು ತೂಬು ಎಷ್ಟು ಎತ್ತಿಕೊಂಡಿದ್ದಾರೆ, ನವಿಲುತೀರ್ಥದ ಆಣೆಕಟ್ಟಿನಲ್ಲಿ ಎಷ್ಟು ಉಳಿದಿದೆ. ನಾನೂ ಇದೇ ಮಾತಿನ ನಡುವೆ ಬೆಳೆದವಳು. ತವರು ನರಗುಂದ ತಾಲ್ಲೂಕಿನ ಕಾಲುವೆ ದಂಡೆಯ ಹಳ್ಳಿ, ಗಂಡನ ಮನೆ ರೋಣದ ಹತ್ತಿರ, ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸುವುದು ಗಜೇಂದ್ರಗಡದಲ್ಲಿ. ಈ ಮೂರು ಊರುಗಳ ನಡುವೆ ಕೆಂಪು ಬಸ್ಸಿನಲ್ಲಿ ಓಡಾಡುತ್ತಾ, ಕಿಟಕಿಯಾಚೆಯ ಹೊಲಗಳನ್ನು ನೋಡುತ್ತಾ ನನ್ನೊಳಗೆ ಗಟ್ಟಿಯಾದ ಮಾತೊಂದಿದೆ. ನಮ್ಮ ಎರಿಹೊಲಗಳು ನೀರಿಲ್ಲದೆ ಸೊರಗಿದ್ದು ಎಲ್ಲರಿಗೂ ಗೊತ್ತು. ಹಲವು ಕಡೆ ಅವು ಗಾಳಿಯಿಲ್ಲದೆ ಸೊರಗುತ್ತಿವೆ. ಅದರ ಬಗ್ಗೆ ಮನವಿ ಕೊಟ್ಟವರಿಲ್ಲ, ಧರಣಿ ಕೂತವರಿಲ್ಲ.

ಮಳೆ ಜಾಸ್ತಿಯಾದ ಒಂದು ಮುಂಗಾರಿನಲ್ಲಿ ತವರಿಗೆ ಹೋಗಿದ್ದೆ. ಪಕ್ಕದ ಹೊಲದ ಹಿರಿಯರೊಬ್ಬರು ಒಡ್ಡಿನ ಮೇಲೆ ನಿಲ್ಲಿಸಿಕೊಂಡು ತಮ್ಮ ಗೋವಿನಜೋಳ ತೋರಿಸಿದರು. ಸಾಲಿನ ನಡುವೆ ಮಳೆಯ ನೀರೂ ಕಾಲುವೆಯ ಬಸಿ ನೀರೂ ಸೇರಿ ನಿಂತಿತ್ತು. ಕೆಳಗಿನ ಎಲೆಗಳು ಹಳದಿ ತಿರುಗಿದ್ದವು, ಮೇಲಿನವು ಬಿಸಿಲಿಗೆ ಸುರುಳಿ ಸುತ್ತಿ ಜೋತು ಬಿದ್ದಿದ್ದವು.

"ಬುಡದಾಗ ನೀರು ನಿಂತೈತಿ, ಬೆಳಿ ಬಾಡಾಕ ಹತ್ತೈತಿ. ಯೂರಿಯಾನೂ ಒಗದೆ, ಏನೂ ಆಗವಲ್ದು. ಸಾಲಿ ಕಲಿಸ್ತಿಯಲ್ಲ ತಂಗಿ, ನೀನರ ಹೇಳು."

"ಅದಕ್ಕ ಉಸಿರು ಕಟ್ಟೇತಿ ಕಾಕಾ."

"ಗಿಡಕ್ಕೇನು ಮೂಗು ಐತೇನವಾ?" ಎಂದು ಅವರು ನಕ್ಕರು.

ಮೂಗು ಇಲ್ಲ, ನಿಜ. ಆದರೆ ಕಾಕಾ ಕೇಳಿದ ಪ್ರಶ್ನೆ ನನ್ನ ತರಗತಿಯ ಮಕ್ಕಳೂ ಕೇಳಬೇಕಾದದ್ದು, ಕೇಳುವುದಿಲ್ಲ. ಹತ್ತನೆಯ ತರಗತಿಯಲ್ಲಿ 'ಜೀವಕ್ರಿಯೆಗಳು' ಪಾಠ ಮುಗಿಸಿ ಬಂದವರನ್ನು ಗಿಡ ಏನು ಮಾಡುತ್ತದೆ ಎಂದು ಕೇಳಿ ನೋಡಿ. "ಇಂಗಾಲದ ಡೈಆಕ್ಸೈಡ್ ತಗೊಂಡು ಆಮ್ಲಜನಕ ಬಿಡ್ತದ್ರಿ" ಎನ್ನುತ್ತಾರೆ. ಉಸಿರಾಟ? "ಅದು ರಾತ್ರಿ ಮಾತ್ರ ರೀ." ಪುಸ್ತಕದಲ್ಲಿ ಎರಡೂ ಸರಿಯಾಗಿಯೇ ಇವೆ. ಪರೀಕ್ಷೆಗೆ ಬರುವುದು ದ್ಯುತಿಸಂಶ್ಲೇಷಣೆಯ ಸಮೀಕರಣ ಮತ್ತು ಪತ್ರರಂಧ್ರದ ಚಿತ್ರ, ಆದ್ದರಿಂದ ತಲೆಯಲ್ಲಿ ಉಳಿಯುವುದೂ ಅಷ್ಟೇ. ಗಿಡದ ಪ್ರತಿಯೊಂದು ಜೀವಕೋಶ ಹಗಲೂ ರಾತ್ರಿಯೂ ಉಸಿರಾಡುತ್ತದೆ. ಹಗಲು ಎಲೆಯೊಳಗೆ ಸಕ್ಕರೆ ತಯಾರಾಗುವ ಭರಾಟೆ ದೊಡ್ಡದಾದ್ದರಿಂದ ಅದರ ಉಸಿರಾಟ ನಮ್ಮ ಅಳತೆಗೆ ಸಿಗುವುದಿಲ್ಲ. ಹುಣಸೆಮರದ ಕೆಳಗೆ ರಾತ್ರಿ ಮಲಗಬಾರದೆಂಬ ಮಾತು ನಮ್ಮಲ್ಲಿದೆಯಲ್ಲ, ಗಾಳಿಯ ಲೆಕ್ಕದಲ್ಲಿ ನೋಡಿದರೆ ಪಕ್ಕದಲ್ಲಿ ಗೊರಕೆ ಹೊಡೆಯುವ ಮನುಷ್ಯನೇ ಮರದ ಟೊಂಗೆಗಿಂತ ಹೆಚ್ಚು ಕೆಡಿಸುತ್ತಾನೆ.

ಎಲೆಯ ಹಸಿರು ಕಣಗಳು ಬಿಸಿಲಿನ ಬಲದಿಂದ ನೀರನ್ನು ಒಡೆಯುತ್ತವೆ. ನಾವು ಸೇವಿಸುವ ಆಮ್ಲಜನಕ ಆ ಒಡೆದ ನೀರಿನದು. ಉಳಿದ ಹೈಡ್ರೋಜನ್ನಿಗೆ ಗಾಳಿಯ ಇಂಗಾಲ ಕೂಡಿ ಸಕ್ಕರೆಯಾಗುತ್ತದೆ. ಆದರೆ ಸಕ್ಕರೆ ಇದ್ದಮಾತ್ರಕ್ಕೆ ಯಾವ ಕೋಶದ ಕೆಲಸವೂ ನಡೆಯದು. ಅದನ್ನು ಹಂತಹಂತವಾಗಿ ಮುರಿದು ಎಟಿಪಿ ಎಂಬ ಪುಟ್ಟ ಅಣುವಿನಲ್ಲಿ ಶಕ್ತಿಯನ್ನು ತುಂಬಿಕೊಳ್ಳಬೇಕು. ಆಮ್ಲಜನಕ ಸಿಕ್ಕರೆ ಒಂದು ಗ್ಲುಕೋಸ್ ಅಣುವಿನಿಂದ ಸುಮಾರು 30 ಎಟಿಪಿ ಬರುತ್ತವೆ. ಸಿಗದಿದ್ದರೆ 2.

ಈಗ ಬೇರಿನ ಪಾಡು ನೋಡಿ. ಅದು ಕತ್ತಲಲ್ಲಿದೆ, ಅದಕ್ಕೆ ಪತ್ರಹರಿತ್ತು ಇಲ್ಲ. ಸಕ್ಕರೆ ಮೇಲಿನ ಎಲೆಯಿಂದ ಇಳಿದು ಬರಬೇಕು, ಆಮ್ಲಜನಕ ಮಣ್ಣಿನ ಸಂದುಗಳಿಂದ ಬರಬೇಕು. ಆ ಸಂದುಗಳಲ್ಲಿ ನೀರು ತುಂಬಿಕೊಂಡರೆ, ಗಾಳಿಯಲ್ಲಿ ಸರಾಗವಾಗಿ ಹರಡುವ ಆಮ್ಲಜನಕ ಸುಮಾರು 10,000 ಪಟ್ಟು ನಿಧಾನವಾಗುತ್ತದೆ. ಬೇರಿನ ಕೋಶಗಳು 30 ಎಟಿಪಿಯಿಂದ ಎರಡಕ್ಕೆ ಇಳಿಯುತ್ತವೆ. ಮಣ್ಣಿನಿಂದ ಸಾರಜನಕ, ಪೊಟ್ಯಾಷ್ ಎಳೆದುಕೊಳ್ಳಲು ಎಟಿಪಿ ಬೇಕು, ಅದು ನಿಲ್ಲುತ್ತದೆ. ಕೋಶದ ಒಳಗಿನ ರಸ ಹುಳಿಯಾಗುತ್ತದೆ, ನೀರನ್ನು ಒಳಬಿಡುವ ಸಣ್ಣ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಹೀಗಾಗಿ ಮೊಣಕಾಲುದ್ದ ನೀರಿನಲ್ಲಿ ನಿಂತ ಬೆಳೆ ನೀರಡಿಸಿ ಬಾಡುತ್ತದೆ. ಕಾಕಾ ಒಗೆದ ಯೂರಿಯಾದ ಕಥೆ ಇನ್ನೂ ಬೇಸರದ್ದು. ಉಸಿರು ಕಟ್ಟಿದ ಮಣ್ಣಿನಲ್ಲಿ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕ ಸಿಗದಾಗ ಯೂರಿಯಾದಿಂದಾದ ನೈಟ್ರೇಟನ್ನೇ ಆಮ್ಲಜನಕದ ಜಾಗಕ್ಕೆ ಬಳಸಿಕೊಂಡು, ಸಾರಜನಕವನ್ನು ಗಾಳಿಗೆ ಬಿಟ್ಟುಬಿಡುತ್ತವೆ. ಚೀಲಕ್ಕೆ ಕೊಟ್ಟ ದುಡ್ಡು ಅಕ್ಷರಶಃ ಗಾಳಿಗೆ ಹೋಯಿತು.

ಭತ್ತಕ್ಕೆ ಈ ತೊಂದರೆ ಇಲ್ಲ. ಅದರ ಕಾಂಡದಿಂದ ಬೇರಿನ ತನಕ ಗಾಳಿ ಇಳಿಯುವ ಓಣಿಗಳಿವೆ. ಹತ್ತಿ, ಕಡ್ಲಿ, ಗೋವಿನಜೋಳಕ್ಕೆ ಆ ಅನುಕೂಲವಿಲ್ಲ. ಮೇಲಾಗಿ ನಮ್ಮದು ಎರಿ. ನೀರು ಕುಡಿದರೆ ಉಬ್ಬಿ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುವ ಮಣ್ಣು. ಬೇಸಿಗೆಯಲ್ಲಿ ಮೊಳಕೈ ಇಳಿಯುವಷ್ಟು ಬಾಯಿ ಬಿಡುವ ಆ ಬಿರುಕುಗಳಿಂದಲೇ ಅದರ ಒಡಲಿಗೆ ಗಾಳಿ ಹೋಗುತ್ತದೆ. ವರ್ಷವಿಡೀ ತೇವವಿದ್ದ ಹೊಲಕ್ಕೆ ಆ ಬಿರುಕಿನ ಭಾಗ್ಯವೂ ಇಲ್ಲ.

ಮಲಪ್ರಭೆಗೆ ನವಿಲುತೀರ್ಥದಲ್ಲಿ 1972ರ ಹೊತ್ತಿಗೆ ಆಣೆಕಟ್ಟು ಎದ್ದಿತು. ನರಗುಂದ, ನವಲಗುಂದ, ರೋಣದ ಎರಿಭೂಮಿಗೆ ಕಾಲುವೆ ಹರಿಯಿತು. ನೀರು ಎಲ್ಲರಿಗೂ ಮುಟ್ಟುವ ಮೊದಲೇ ಅಭಿವೃದ್ಧಿ ಕರದ ನೋಟಿಸು ಎಲ್ಲರಿಗೂ ಮುಟ್ಟಿತು. 1980ರ ಜುಲೈ 21ರಂದು ನರಗುಂದದಲ್ಲಿ ಏನಾಯಿತೆಂದು ಈ ಭಾಗದ ಓದುಗರಿಗೆ ಹೇಳಬೇಕಿಲ್ಲ. ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಗುಂಡಿಗೆ ಬಲಿಯಾದರು, ಅದೇ ದಿನ ನವಲಗುಂದದಲ್ಲೂ ರೈತರ ರಕ್ತ ಹರಿಯಿತು. ರಾಜ್ಯದ ರೈತ ಚಳವಳಿ ಅಲ್ಲಿಂದ ಹೊಸ ಹುರುಪು ಪಡೆಯಿತು. ಪ್ರತಿ ವರ್ಷ ಆ ದಿನ ಭಾಷಣಗಳಾಗುತ್ತವೆ. ಅವುಗಳಲ್ಲಿ ಕರದ ಮಾತು ಬರುತ್ತದೆ, ನೀರು ಬಾರದ ಮಾತು ಬರುತ್ತದೆ, ನೀರು ಬಂದು ಕೆಟ್ಟ ಹೊಲದ ಮಾತು ಮಾತ್ರ ಅಪರೂಪ. ಕಾಲುವೆಯ ಮೇಲ್ಭಾಗದಲ್ಲಿ ಸವಳು-ಜವಳಾಗಿ ಆಪು ಬೆಳೆದ, ಬೇಸಿಗೆಯಲ್ಲಿ ಬಿಳಿ ಉಪ್ಪು ಹೂ ಬಿಟ್ಟಂತೆ ಕಾಣುವ ತುಂಡುಗಳನ್ನು ನೋಡಿಯೇ ನಾವು ಬೆಳೆದೆವು. ಅತ್ತ ಕೊನೆಯ ಭಾಗದವರು ಖಾಲಿ ಕಾಲುವೆಯಲ್ಲಿ ಕುರಿ ಮೇಯಿಸಿದರು. ಎರಡೂ ಒಂದೇ ತಪ್ಪಿನ ಎರಡು ತುದಿ. ನೀರು ತರುವ ಕಾಲುವೆ ತೋಡಿದಷ್ಟು ಉತ್ಸಾಹದಿಂದ ನೀರು ಹೊರಹಾಕುವ ಬಸಿಗಾಲುವೆ ತೋಡಲಿಲ್ಲ, ತೋಡಿದ್ದನ್ನೂ ಹೂಳು ತುಂಬಲು ಬಿಟ್ಟೆವು.

ಇದನ್ನು ಒಬ್ಬೊಬ್ಬ ರೈತನ ತಲೆಗೆ ಕಟ್ಟುವಂತಿಲ್ಲ. ಕಾಕಾ ನನ್ನ ಮಾತು ಕೇಳಿ ಅಲ್ಲ, ತಮ್ಮದೇ ಅಂದಾಜಿನಲ್ಲಿ ಮಾರನೆಯ ವಾರ ಒಡ್ಡಿನ ಗುಂಟ ಒಂದು ಗಟಾರ ಹೊಡೆಸಿದರು. ನೀರು ಇಳಿಯಿತು, ಇಳಿದು ಕೆಳಗಿನವರ ಹೊಲಕ್ಕೆ ನುಗ್ಗಿತು. ಅವರು ಬಂದು ಜಗಳ ತೆಗೆದು ಮುಚ್ಚಿಸಿದರು. ಅವರದೂ ತಪ್ಪಲ್ಲ. ಹಳ್ಳದ ತನಕ ಹತ್ತಾರು ಹೊಲ ದಾಟಿ ಹೋಗಬೇಕಾದ ಬಸಿಗಾಲುವೆಯನ್ನು ಒಬ್ಬರ ಬದುವಿನೊಳಗೆ ಮಾಡಿ ಮುಗಿಸಲಾಗದು.

ಸಸ್ಯ ಉಸಿರಾಡುತ್ತದೆ ಎಂಬ ತಿಳಿವಳಿಕೆ ಈ ಸೀಮೆಗೆ ಹೊಸದೇ ಎಂದರೆ ಅಲ್ಲ. ನಮ್ಮತ್ತೆ ಒಂದಕ್ಷರ ಓದಿದವರಲ್ಲ, ಹಗೇವಿನ ಬಗ್ಗೆ ಮಾತ್ರ ಯಾವ ಪ್ರಾಧ್ಯಾಪಕರಿಗೂ ಕಡಿಮೆಯಿಲ್ಲದಂತೆ ಹೇಳುತ್ತಾರೆ. ಎರಿಮಣ್ಣಿನಲ್ಲಿ ಆಳವಾದ ಗುಂಡಿ, ಸುತ್ತ ಒಣ ಕಣಕಿಯ ಹಾಸು, ತುಂಬ ಬಿಳಿಜೋಳ, ಮೇಲೆ ಮತ್ತೆ ಕಣಕಿ, ಮಣ್ಣು, ಬಾಯಿಗೆ ಕಲ್ಲು. ಒಳಗಿನ ಕಾಳು ಸತ್ತ ವಸ್ತುವಲ್ಲ. ಅದರ ಮೂಗಿನ ತುದಿಯ ಮೊಳಕೆಗೆ ಜೀವವಿದೆ, ಬಹಳ ಮೆಲ್ಲಗೆ ಉಸಿರಾಡುತ್ತದೆ. ಕಾಳಿನ ಜೊತೆ ಒಳಹೋದ ಹುಳವೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕ ತೀರುತ್ತಾ ಬಂದು ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳ ಮೊದಲು ಸಾಯುತ್ತದೆ. ಯಾವ ಪುಡಿಯನ್ನೂ ಬೆರೆಸದೆ ಜೋಳ ವರ್ಷಗಟ್ಟಲೆ ಉಳಿಯುತ್ತಿದ್ದ ಗುಟ್ಟು ಇದು.

ಆದರೆ ಬಾಯಿ ತೆರೆದ ಕೂಡಲೇ ಆಸೆಬುರುಕ ಯಾರಾದರೂ ಒಳಗಿಳಿದರೆ ಹುಳದ ಗತಿಯೇ. "ತೆರೆದು ಒಂದ್ ರಾತ್ರಿ ಹಂಗ ಬಿಡಬೇಕು. ಆಮ್ಯಾಲೆ ಹಗ್ಗಕ್ಕ ದೀಪ ಕಟ್ಟಿ ಇಳಿಬಿಡಬೇಕು. ದೀಪ ಆರಿದ್ರ ಇಳಿಯೂಹಂಗಿಲ್ಲ" ಎನ್ನುತ್ತಾರೆ ಅತ್ತೆ. ಅವರ ಸೋದರಮಾವನ ಕಾಲದಲ್ಲಿ ಒಬ್ಬ ಇಳಿದ, ಅವನನ್ನು ಎತ್ತಲು ಇನ್ನೊಬ್ಬ ಇಳಿದ, ಇಬ್ಬರನ್ನೂ ಹೆಣವಾಗಿ ಎಳೆದರಂತೆ. ದೀಪ ಉರಿಯುತ್ತಿದ್ದರೂ ಪೂರ್ತಿ ನಂಬುವಂತಿಲ್ಲ ಎಂದು ನಾನು ಸೇರಿಸುತ್ತೇನೆ. ಜ್ವಾಲೆ ಆರುವ ಮೊದಲೇ ಡೈಆಕ್ಸೈಡ್ ತಲೆ ತಿರುಗಿಸಬಲ್ಲದು.

1770ರ ದಶಕದಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಇದೇ ದೀಪದ ಪರೀಕ್ಷೆಯನ್ನು ಗಾಜಿನ ಪಾತ್ರೆಯಲ್ಲಿ ಮಾಡಿದ. ಮುಚ್ಚಿದ ಪಾತ್ರೆಯಲ್ಲಿ ಮೇಣದ ಬತ್ತಿ ಆರಿತು. ಪುದೀನದ ಗಿಡ ಇಟ್ಟು ಕೆಲವು ದಿನ ಬಿಟ್ಟರೆ ಅದೇ ಗಾಳಿಯಲ್ಲಿ ಮತ್ತೆ ಬತ್ತಿ ಉರಿಯಿತು. ಡಚ್ ವೈದ್ಯ ಯಾನ್ ಇಂಗೆನ್‌ಹೌಸ್ 1779ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇನ್ನೂ ಮುಂದೆ ಹೋದ. ಗಾಳಿಯನ್ನು ಶುದ್ಧ ಮಾಡುವುದು ಹಸಿರು ಭಾಗ ಮಾತ್ರ, ಅದೂ ಬೆಳಕಿನಲ್ಲಿ ಮಾತ್ರ. ಬೇರು, ಹೂ, ಕಾಯಿ ಇವು ಸದಾಕಾಲ ಗಾಳಿಯನ್ನು ಕೆಡಿಸುತ್ತವೆ. ಪುದೀನದ ಗಿಡವನ್ನು ನಾವು ಪಾಠದಲ್ಲಿ ಉಳಿಸಿಕೊಂಡೆವು, ಬೇರನ್ನು ಮರೆತೆವು.

ಹಗೇವು ಈಗ ಯಾರಿಗೂ ಬೇಡ. ಆದರೆ ಅದು ನಮ್ಮನ್ನು ಬಿಟ್ಟಿಲ್ಲ. 2019ರ ಸುಮಾರಿಗೆ ನರಗುಂದ ಪಟ್ಟಣದ ಹಳೆಯ ಓಣಿಗಳಲ್ಲಿ ಮನೆಯೊಳಗಿನ ನೆಲವೇ ಇದ್ದಕ್ಕಿದ್ದಂತೆ ಕುಸಿಯತೊಡಗಿತು. ಮುಚ್ಚಿಹೋಗಿದ್ದ ಹಳೇ ಹಗೇವುಗಳು, ಕೆಳಗಿನಿಂದ ಮೇಲೇರಿದ ನೀರು, ಎರಡನ್ನೂ ಕಾರಣವಾಗಿ ಹೇಳಿದರು. ಅಜ್ಜಂದಿರು ಒಣಗಿದ ನೆಲ ನೋಡಿ ತೋಡಿದ ಗುಂಡಿಗಳು ಈಗ ಒದ್ದೆ ನೆಲದಲ್ಲಿವೆ. ನೀರು ಬಸಿದು ಹೋಗದ ಊರಿನ ಕಥೆ ಹೊಲದ ಬದುವಿನಲ್ಲಿ ನಿಲ್ಲುವುದಿಲ್ಲ, ಅಡಿಗೆಮನೆಗೂ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಇನ್ನು ಹಗೇವಿಗೆ ಇಳಿಯದ ನಮ್ಮ ಹುಡುಗರು ಪಟ್ಟಣಗಳಲ್ಲಿ ಶೌಚದ ಗುಂಡಿಗೆ, ಮ್ಯಾನ್‌ಹೋಲಿಗೆ ಇಳಿದು ಸಾಯುತ್ತಿದ್ದಾರೆ. ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಅನಿಲ ಜೀವಕೋಶದ ಉಸಿರಾಟದ ಕಟ್ಟಕಡೆಯ ಮೆಟ್ಟಿಲನ್ನೇ ಹಿಡಿದು ನಿಲ್ಲಿಸುತ್ತದೆ. ಎದೆಯಲ್ಲಿ ಗಾಳಿ ಇದ್ದೂ ಕೋಶಕ್ಕೆ ಅದು ಉಪಯೋಗಕ್ಕಿಲ್ಲ.

ಕಡ್ಲಿಯ ವಿಷಯಕ್ಕೆ ಬರುತ್ತೇನೆ, ನನ್ನ ಪ್ರೀತಿಯ ಬೆಳೆ. ಚಳಿ ಬಿದ್ದ ಮೇಲೆ ಬೆಳಗಿನ ಜಾವ ಕಡ್ಲಿ ಹೊಲ ಹೊಕ್ಕರೆ ಸೀರೆಯ ಅಂಚು ಒದ್ದೆಯಾಗಿ ಆಮೇಲೆ ಕಾಲು ಚುರುಗುಟ್ಟುತ್ತದೆ. ಎಲೆಯ ಮೇಲಿನ ಸಣ್ಣ ರೋಮಗಳು ಹುಳಿ ಸೂಸುತ್ತವೆ, ಅದು ಇಬ್ಬನಿಯಲ್ಲಿ ಕರಗಿರುತ್ತದೆ. ಹಿಂದೆ ರಾತ್ರಿ ಗಿಡಗಳ ಮೇಲೆ ಬಿಳಿ ಪಂಚೆ ಹಾಸಿ ಬೆಳಿಗ್ಗೆ ಹಿಂಡಿ ಬಾಟಲಿಯಲ್ಲಿ ತುಂಬಿಡುತ್ತಿದ್ದರು. ಹೊಟ್ಟೆನೋವಿಗೆ ಅದೇ ಔಷಧಿ. ಆ ಹುಳಿಯಲ್ಲಿ ಮುಖ್ಯವಾದದ್ದು ಮ್ಯಾಲಿಕ್ ಆಮ್ಲ, ಜೊತೆಗೆ ಆಕ್ಸಾಲಿಕ್. ಪಿಯು ಮಕ್ಕಳು ಕಣ್ಣು ಕೆಂಪು ಮಾಡಿಕೊಂಡು ಬಾಯಿಪಾಠ ಮಾಡುವ ಕ್ರೆಬ್ಸ್ ಚಕ್ರ ಇದೆಯಲ್ಲ, 1937ರಲ್ಲಿ ಹ್ಯಾನ್ಸ್ ಕ್ರೆಬ್ಸ್ ಬಿಡಿಸಿದ್ದು, ಅದರ ಒಂದು ಮೆಟ್ಟಿಲು ಇದೇ ಮ್ಯಾಲಿಕ್ ಆಮ್ಲ. ಪಕ್ಕದ ಹೊಲದ ಬಿಳಿಜೋಳವೂ ಇದನ್ನೇ ಬಳಸುತ್ತದೆ, ಬೇರೆ ಕೆಲಸಕ್ಕೆ. ಗಾಳಿಯ ಇಂಗಾಲವನ್ನು ಮೊದಲು ಮ್ಯಾಲೇಟ್ ಆಗಿ ಹಿಡಿದು, ಎಲೆಯ ನರದ ಸುತ್ತಲಿನ ಕೋಶಗಳಿಗೆ ಸಾಗಿಸಿ, ಅಲ್ಲಿ ಬಿಡಿಸಿ ಸಕ್ಕರೆ ಮಾಡುತ್ತದೆ. ಅದರಿಂದ ಪತ್ರರಂಧ್ರವನ್ನು ಅರೆ ತೆರೆದೇ ಕೆಲಸ ಸಾಗುತ್ತದೆ, ನೀರು ಉಳಿಯುತ್ತದೆ. ಹಿಂಗಾರಿಯಲ್ಲಿ ಎರಿಯ ಹಸಿಯನ್ನಷ್ಟೇ ನಂಬಿ, ಒಂದು ಹನಿ ಕಾಲುವೆ ನೀರಿಲ್ಲದೆ ಜೋಳ ತೆನೆ ಕಟ್ಟುವುದರಲ್ಲಿ ಇದರ ಪಾಲು ದೊಡ್ಡದು. ಗಜೇಂದ್ರಗಡದ ಗುಡ್ಡದ ಮೇಲಿನ ಪಾಪಸಕಳ್ಳಿ ಇನ್ನೂ ಜಿಪುಣ. ಹಗಲು ರಂಧ್ರಗಳನ್ನು ಮುಚ್ಚಿಕೊಂಡು, ತಂಪಾದ ರಾತ್ರಿ ತೆರೆದು, ಹಿಡಿದ ಇಂಗಾಲವನ್ನು ಬೆಳಗಿನವರೆಗೆ ಅದೇ ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ.

ಕಡ್ಲಿಯ ಬೇರು ಕಿತ್ತು ನೋಡಿದವರಿಗೆ ಗಂಟುಗಳು ಗೊತ್ತು. ಒಂದನ್ನು ಉಗುರಿನಿಂದ ಒಡೆಯಿರಿ. ಚಲೋ ಗಂಟಾದರೆ ಒಳಗೆ ತಿಳಿಗೆಂಪು. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ದಾಯಾದಿಯೊಂದು ಅಲ್ಲಿದೆ. ಗಂಟಿನೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗೊಬ್ಬರ ಮಾಡುತ್ತದೆ. ಒಂದೊಂದು ಸಾರಜನಕದ ಅಣುವಿಗೆ ಕಡಿಮೆಯೆಂದರೂ 16 ಎಟಿಪಿ ಖರ್ಚು. ಅಷ್ಟು ಎಟಿಪಿ ಬರಲು ಆಮ್ಲಜನಕ ಬೇಕು, ಆದರೆ ಸಾರಜನಕ ಹಿಡಿಯುವ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಅದು ಹಾಳು. ಆ ಕೆಂಪು ವಸ್ತು ಆಮ್ಲಜನಕವನ್ನು ಅಳೆದು ಅಳೆದು ಒಳಗೆ ದಾಟಿಸುತ್ತದೆ. ಇಂಥ ನಾಜೂಕಿನ ಬೆಳೆಗೆ ನೀರು ಬಂದಿದೆಯಲ್ಲ ಎಂಬ ಒಂದೇ ಕಾರಣಕ್ಕೆ ನಡುವಯಸ್ಸಿನಲ್ಲಿ ಹೊಲ ತುಂಬ ಕಾಲುವೆ ಬಿಡುವುದನ್ನು ನಾನು ನೋಡಿದ್ದೇನೆ. ಗಂಟು ಮೊದಲು ಸೋಲುತ್ತದೆ. ಮೇಲಿನಿಂದ ಕಾಣುವುದು ಹಳದಿ ಎಲೆ, ಅಂಗಡಿಯಿಂದ ಬರುವುದು ಇನ್ನೊಂದು ಬಾಟಲಿ ಔಷಧಿ.

ಗಜೇಂದ್ರಗಡದಲ್ಲಿ ನನ್ನ ತರಗತಿಯ ಕಿಟಕಿಯಿಂದ ಗುಡ್ಡದ ಗಾಳಿಯಂತ್ರಗಳು ಕಾಣುತ್ತವೆ. ಎಟಿಪಿ ತಯಾರಿಸುವ ಕಿಣ್ವವನ್ನು ಕಲಿಸುವಾಗ ನಾನು ಹಲಗೆಯ ಮೇಲೆ ಚಿತ್ರ ಬಿಡಿಸುವುದನ್ನು ಬಿಟ್ಟು ಅವನ್ನು ತೋರಿಸುತ್ತೇನೆ. ಪೊರೆಯ ಒಂದು ಬದಿಯಲ್ಲಿ ಪ್ರೋಟಾನುಗಳು ಒತ್ತಾಗಿ ಸೇರಿ, ಇನ್ನೊಂದು ಬದಿಗೆ ನುಗ್ಗುವಾಗ ಈ ಕಿಣ್ವದ ತಿರುಗಣಿ ನಿಜವಾಗಿಯೂ ತಿರುಗುತ್ತದೆ, ಸೆಕೆಂಡಿಗೆ ನೂರು ಸುತ್ತಿನ ಆಸುಪಾಸು. 1961ರಲ್ಲಿ ಪೀಟರ್ ಮಿಚೆಲ್ ಈ ಪ್ರೋಟಾನು ಹರಿವಿನ ಮಾತು ಹೇಳಿದಾಗ ನಂಬಿದವರು ಕಡಿಮೆ, 1978ರಲ್ಲಿ ನೊಬೆಲ್ ಬಂತು. ತಿರುಗುವುದನ್ನು 1997ರಲ್ಲಿ ಜಪಾನಿನ ವಿಜ್ಞಾನಿಗಳು ಸೂಕ್ಷ್ಮದರ್ಶಕದಡಿ ಕಣ್ಣಾರೆ ತೋರಿಸಿದರು. ಎಲೆಯ ಹಸಿರು ಕಣದಲ್ಲೂ ಬೇರಿನ ಮೈಟೋಕಾಂಡ್ರಿಯದಲ್ಲೂ ಇರುವುದು ಇದೇ ಬಗೆಯ ಯಂತ್ರ, ನಮ್ಮ ಮೈಯಲ್ಲೂ ಇದೇ. ಬೇರಿನ ಬಳಿ ಆಮ್ಲಜನಕ ಇಲ್ಲವಾದರೆ ಪ್ರೋಟಾನುಗಳನ್ನು ಒತ್ತರಿಸುವ ಕೆಲಸ ನಿಲ್ಲುತ್ತದೆ, ತಿರುಗಣಿ ನಿಲ್ಲುತ್ತದೆ. "ಹಂಗಾರ ಗಾಳಿ ಬಿದ್ದಾಗ ಫ್ಯಾನು ನಿಂತಂಗ ಏನ್ರಿ ಅಕ್ಕಾರ?" ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದ. ಅವರಪ್ಪನದು ಉಳ್ಳಾಗಡ್ಡಿ ವ್ಯಾಪಾರ. ಒತ್ತಿ ತುಂಬಿದ ಚೀಲದ ನಡುವೆ ಕೈ ಹಾಕಿದರೆ ಬಿಸಿ ಯಾಕಿರುತ್ತದೆ ಎಂದು ನಾನು ತಿರುಗಿ ಕೇಳಿದೆ. ಅವನು ಯೋಚಿಸಿ, "ಅವೂ ಉಸುರಾಡಾಕ ಹತ್ತಿರ್ತಾವು" ಎಂದ. ಆ ಹುಡುಗನಿಗೆ ಪರೀಕ್ಷೆಯಲ್ಲಿ ಎಷ್ಟು ಅಂಕ ಬಂದರೂ ನನಗೆ ಚಿಂತೆಯಿಲ್ಲ.

ಈಗ ಮುಖ್ಯ ಮಾತು. ಮಹದಾಯಿಗಾಗಿ ನರಗುಂದದಲ್ಲಿ 2015ರ ಜುಲೈನಿಂದ ನಡೆದ ಹೋರಾಟದಲ್ಲಿ ನಮ್ಮ ಮನೆಯವರೂ ಕೂತಿದ್ದರು. ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ರಾಜ್ಯಕ್ಕೆ 13.42 ಟಿಎಂಸಿ ಹಂಚಿತು, ಅದರಲ್ಲಿ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಬಹುದಾದದ್ದು 3.9 ಟಿಎಂಸಿ, ಅದೂ ಕುಡಿಯುವುದಕ್ಕೆ. ಆ ನೀರು ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಲುವೆ ಆಧುನೀಕರಣಕ್ಕೆ ಸುರಿಯುವ ಹಣದಲ್ಲಿ ಬಸಿಗಾಲುವೆಗೆ ಎಷ್ಟು ಎಂದು ನಮ್ಮ ಶಾಸಕರನ್ನು ಕೇಳುವ ರೂಢಿ ಶುರುವಾಗಬೇಕು. ಪಾಳಿಯ ಪ್ರಕಾರ ನೀರು ಬಿಟ್ಟರೆ ಕೊನೆಯವರಿಗೆ ನೀರು, ಮೊದಲಿನವರಿಗೆ ಗಾಳಿ, ಎರಡೂ ಒಂದೇ ಕ್ರಮದಿಂದ ಸಿಗುತ್ತವೆ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ನೆಲ-ಜಲ ನಿರ್ವಹಣೆಗೆಂದೇ ವಾಲ್ಮಿ ಸಂಸ್ಥೆ ಇದೆ, ಬೆಳಗಾವಿಯಲ್ಲಿ ಅಚ್ಚುಕಟ್ಟು ಅಭಿವೃದ್ಧಿಯ ಕಾಡಾ ಕಚೇರಿ ಇದೆ. ನೆಲದೊಳಗೆ ಕೊಳವೆ ಹಾಕಿ ಬಸಿಯುವ ವಿಧಾನ ಗೊತ್ತಿಲ್ಲದವರು ಅಲ್ಲಿ ಯಾರೂ ಇಲ್ಲ. ಒಂದು ಹಳ್ಳದ ಪಾತ್ರಕ್ಕೆ ಒಂದು ಊರನ್ನು ಹಿಡಿದು, ಹತ್ತಾರು ರೈತರ ಒಪ್ಪಿಗೆ ಪಡೆದು, ಮೇಲಿನಿಂದ ಕೆಳಗಿನ ತನಕ ಮಾಡಿ ತೋರಿಸುವವರು ಬೇಕಾಗಿದ್ದಾರೆ.

ಕಾಲುವೆಯ ನೀರೂ ಮಳೆಯ ನೀರೂ ಕೊನೆಗೆ ಇಳಿಯಬೇಕಾದದ್ದು ಹಳ್ಳಗಳಿಗೆ, ಅಲ್ಲಿಂದ ಬೆಣ್ಣೆಹಳ್ಳಕ್ಕೆ, ಅದು ರೋಣ ತಾಲ್ಲೂಕಿನಲ್ಲಿ ಮಲಪ್ರಭೆಗೆ. ಆ ಹಳ್ಳಗಳಲ್ಲಿ ಜಾಲಿ ಬೆಳೆದಿದೆ, ಹೂಳು ತುಂಬಿದೆ, ಕೆಲವು ಕಡೆ ಒತ್ತುವರಿಯಾಗಿ ಹೊಲವೇ ಆಗಿದೆ. ಬರುವ ಜುಲೈ 21ರ ವೇದಿಕೆಯಿಂದ ಓದುವ ಬೇಡಿಕೆಗಳ ಪಟ್ಟಿಯಲ್ಲಿ ಇವನ್ನು ತೆರವು ಮಾಡುವುದೂ ಒಂದಾಗಲಿ. ಈ ಕೆಲಸಕ್ಕೆ ಗೋವಾದ ಒಪ್ಪಿಗೆ ಬೇಕಿಲ್ಲ, ನ್ಯಾಯಮಂಡಳಿಯ ತೀರ್ಪೂ ಬೇಕಿಲ್ಲ, ಬೇಸಿಗೆ ಬಂದ ಕೂಡಲೇ ಶುರು ಮಾಡಬಹುದು.